ಅಮಾಲ್ಫಿಯಲ್ಲಿ ಕಡಲಿಗೆ ಬೆನ್ನು ಹಾಕಿ ನಡೆಯಿರಿ

ಇಟಲಿಗೆ ಪ್ರವಾಸಿ ತಂಡಗಳನ್ನು ಕರೆದೊಯ್ಯುವ ವೃತ್ತಿಯಲ್ಲಿರುವ ನಾನು ಮೊದಲ ಕೆಲವು ವರ್ಷ ಅಮಾಲ್ಫಿ ಪಟ್ಟಣಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಸಮಯ ಕೊಟ್ಟಿರಲಿಲ್ಲ. ದೋಣಿಯಿಂದ ಇಳಿಯುವುದು, ಕೆಥೆಡ್ರಲ್‌ನ ಮೆಟ್ಟಿಲುಗಳ ಮೇಲೆ ನಿಂತು ಫೋಟೊ ತೆಗೆಯುವುದು, ನಿಂಬೆಹಣ್ಣಿನ ಐಸ್‌ಕ್ರೀಮ್ ತಿಂದು ಮತ್ತೆ ದೋಣಿ ಹತ್ತುವುದು, ಇಷ್ಟೇ ಕಾರ್ಯಕ್ರಮವಾಗಿತ್ತು. ಅದು ತಪ್ಪೆಂದು ಈಗ ಖಚಿತವಾಗಿ ಹೇಳಬಲ್ಲೆ. ಅಮಾಲ್ಫಿಯ ಹೆಸರನ್ನು ದೂರದೂರಕ್ಕೆ ಒಯ್ದದ್ದು ಕಡಲು ನಿಜ. ಆದರೆ ಆ ಊರಿಗೆ ನೂರಾರು ವರ್ಷ ಅನ್ನ ಕೊಟ್ಟದ್ದು ಬೆಟ್ಟದಿಂದ ಇಳಿದು ಬರುವ ಕನ್ನೆತೊ ಎಂಬ ಹಳ್ಳ.

ಆ ಹಳ್ಳ ಇಂದು ಪೇಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಕಮಾನು ಕಟ್ಟಿ ಮುಚ್ಚಲಾಗಿದೆ. ಅಂಗಡಿಗಳ ಸಾಲಿನ ಮುಖ್ಯ ಬೀದಿಯಲ್ಲಿ ನಡೆಯುವವರು ವಾಸ್ತವವಾಗಿ ಹಳ್ಳದ ಸೂರಿನ ಮೇಲೆ ನಡೆಯುತ್ತಿರುತ್ತಾರೆ. ಇನ್ನು ಕಡಲ ಬದಿಯಲ್ಲಿದ್ದ ಹಳೆಯ ಬಂದರು 1343ರ ಭೀಕರ ಬಿರುಗಾಳಿಯಲ್ಲಿ ಊರಿನ ಕೆಳಭಾಗದ ಜೊತೆಗೇ ನೀರುಪಾಲಾಯಿತು. ಹಡಗು ಕಟ್ಟುತ್ತಿದ್ದ ಕಮ್ಮಟದ ಎರಡು ಕಮಾನು ಸಾಲುಗಳು ಮಾತ್ರ ಉಳಿದುಕೊಂಡಿವೆ. ಹಾಗಾಗಿ ಹಳೆಯ ಅಮಾಲ್ಫಿಯ ದುಡಿಮೆಯನ್ನು ಕಾಣಬೇಕೆನ್ನುವವರು ಹಳ್ಳದ ಜಾಡು ಹಿಡಿಯಬೇಕು.

ನನ್ನ ತಂಡದವರನ್ನು ನಾನು ಬೆಳಿಗ್ಗೆಯೇ ಬಸ್ಸಿನಲ್ಲಿ ಮೇಲಕ್ಕೆ, ಸ್ಕಾಲಾ ಎಂಬ ಊರಿಗೆ ಸೇರಿದ ಪೊಂತೋನೆ ಹಳ್ಳಿಗೆ ಕರೆದೊಯ್ದು ಅಲ್ಲಿಂದ ಇಳಿಸುತ್ತೇನೆ. ಮಂಡಿನೋವಿರುವವರಿಗೂ ಹತ್ತುವುದಕ್ಕಿಂತ ಇದು ಸುಲಭವೆಂದು ಹಲವರು ಭಾವಿಸುತ್ತಾರೆ. ಆದರೆ ನೂರಾರು ಮೆಟ್ಟಿಲು ಇಳಿಯುವಾಗ ಮಂಡಿಗೆ ಬೀಳುವ ಭಾರ ಕಡಿಮೆಯಲ್ಲವಾದ್ದರಿಂದ ಅಂಥವರಿಗೆ ನಾನು ಕೆಳಗಿನಿಂದ ಕಾಗದದ ಗಿರಣಿಯವರೆಗೆ ಮಾತ್ರ ಬರುವಂತೆ ಹೇಳುತ್ತೇನೆ. ಪೊಂತೋನೆಯ ದಾರಿ ವಾಲೆ ದೆಲ್ಲೆ ಫೆರ್ರಿಯೆರೆ ಎಂಬ ಕಣಿವೆಗೆ ಇಳಿಯುತ್ತದೆ. ಉತ್ತರದ ಚಳಿಗಾಳಿಯನ್ನು ಲಟ್ಟಾರಿ ಬೆಟ್ಟಗಳು ತಡೆಯುವುದರಿಂದಲೂ ಜಲಪಾತಗಳ ತೇವ ವರ್ಷವಿಡೀ ಆರದಿರುವುದರಿಂದಲೂ, ಹಿಮಯುಗಕ್ಕೂ ಹಿಂದಿನ ಕಾಲದ ವುಡ್‌ವಾರ್ಡಿಯಾ ರಾಡಿಕಾನ್ಸ್ ಎಂಬ ದೊಡ್ಡ ಜರಿಗಿಡ ಇಲ್ಲಿ ಬದುಕುಳಿದಿದೆ. ಬಾಗಿದ ಅದರ ಗರಿಯ ತುದಿಯ ಬಳಿ ಒಂದು ಮೊಗ್ಗು ಇರುತ್ತದೆ. ಅದು ನೆಲ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. 1972ರಿಂದ ಸಂರಕ್ಷಿತವಾಗಿರುವ ಈ ಕಣಿವೆಯ ಒಳವಲಯಕ್ಕೆ ಮುಕ್ತ ಪ್ರವೇಶವಿಲ್ಲ. ಮುಂಚಿತವಾಗಿ ವಿಚಾರಿಸಿಕೊಂಡೇ ಹೋಗಬೇಕು.

ಇನ್ನಷ್ಟು ಕೆಳಗೆ ಕಣಿವೆಗೆ ಫೆರ್ರಿಯೆರೆ ಎಂಬ ಹೆಸರು ಬರಲು ಕಾರಣವಾದ ಕಬ್ಬಿಣದ ಕುಲುಮೆಯ ಪಾಳುಗೋಡೆಗಳಿವೆ. ಎಲ್ಬಾ ದ್ವೀಪದ ಅದಿರನ್ನು ಹಡಗಿನಲ್ಲಿ ತಂದು ಈ ಕಣಿವೆಗೆ ಹೊತ್ತು ತರುತ್ತಿದ್ದರು, ಏಕೆಂದರೆ ಸುತ್ತಿಗೆಗಳನ್ನು ಎತ್ತಿ ಬಡಿಯುವ ನೀರಿನ ಬಲವೂ ಕುಲುಮೆಗೆ ಬೇಕಾದ ಸೌದೆಯೂ ಇಲ್ಲಿದ್ದವು.

ಅಲ್ಲಿಂದ ಮುಂದೆ ಕಾಗದದ ಗಿರಣಿಗಳ ಸಾಲು. ಅಮಾಲ್ಫಿಯ ಕಾಗದ ಎಷ್ಟು ಹಳೆಯದೆಂಬುದನ್ನು ಅದರ ಮೇಲೆ ಹೇರಿದ ನಿಷೇಧವೇ ಹೇಳುತ್ತದೆ: ಸರ್ಕಾರಿ ದಸ್ತಾವೇಜುಗಳನ್ನು ಕಾಗದದಲ್ಲಿ ಬರೆಯಕೂಡದು, ಚರ್ಮಪತ್ರದಲ್ಲೇ ಬರೆಯಬೇಕೆಂದು ದಕ್ಷಿಣ ಇಟಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1231ರ ಶಾಸನದಲ್ಲಿ ವಿಧಿಸಿದ. ಬಹುಪಾಲು ಗಿರಣಿಗಳು 1954ರ ಅಕ್ಟೋಬರ್ ಪ್ರವಾಹದಲ್ಲಿ ನಾಶವಾದವು. ಉಳಿದವುಗಳಲ್ಲಿ ಒಂದು ಈಗ ಕಾಗದದ ವಸ್ತುಸಂಗ್ರಹಾಲಯ. ತಗ್ಗಿನ ಕಲ್ಲುಮನೆಯೊಳಗೆ ನೀರು ಬಿಟ್ಟೊಡನೆ ಚಕ್ರ ತಿರುಗಿ, ಮೊಳೆ ಬಡಿದ ಮರದ ಕೊಡತಿಗಳು ಒಂದಾದ ಮೇಲೊಂದರಂತೆ ಎದ್ದು ಕಲ್ಲಿನ ತೊಟ್ಟಿಗೆ ಬೀಳುತ್ತವೆ. ಹಳೆಯ ಹತ್ತಿ ಮತ್ತು ನಾರುಬಟ್ಟೆಯ ಚಿಂದಿಗಳು ತಿರುಳಾಗುತ್ತಿದ್ದುದು ಹೀಗೆ. ಒಮ್ಮೆ ನಮ್ಮ ತಂಡದ ಹಿರಿಯರೊಬ್ಬರು ತಂತಿಜಾಲರಿಯ ಚೌಕಟ್ಟನ್ನು ತಿರುಳಿನ ನೀರಲ್ಲಿ ಅದ್ದಿ ಎತ್ತಿದರು. ನೀರು ಬಸಿದ ಮೇಲೆ ಉಣ್ಣೆಬಟ್ಟೆಯ ಮೇಲೆ ಮಗುಚಿದಾಗ ಹಾಳೆ ಮೂಡಿತು. ಆರಿದ ಹಾಳೆಯೊಂದನ್ನು ಬೆಳಕಿಗೆ ಹಿಡಿದರೆ ಜಾಲರಿಯ ಗೆರೆಗಳೂ ತಂತಿಯಲ್ಲಿ ಬಿಗಿದಿದ್ದ ಲಾಂಛನವೂ ತಿಳಿಯಾಗಿ ಕಾಣುತ್ತವೆ. ಇಲ್ಲಿಗೆ ಒಂದು ಗಂಟೆ ಮೀಸಲಿಡಿ ಎಂದು ನಾನು ಒತ್ತಾಯಿಸುತ್ತೇನೆ.

ದಾರಿಯುದ್ದಕ್ಕೂ ಎರಡೂ ಬದಿಗೆ ಕಾಣುವ ನಿಂಬೆತೋಟಗಳನ್ನೂ ಕಟ್ಟಡಗಳಂತೆಯೇ ನೋಡಬೇಕು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು ಮಣ್ಣನ್ನು ಹಿಡಿದಿಡುತ್ತವೆ, ಮಳೆಯ ನೀರನ್ನು ಸಂದುಗಳಿಂದ ಹೊರಬಿಡುತ್ತವೆ. ಚೆಸ್ಟ್‌ನಟ್ ಮರದ ಗಳುಗಳ ಚಪ್ಪರದ ಮೇಲೆ ಸ್ಫುಸಾತೊ ಎಂಬ ಉದ್ದನೆಯ ನಿಂಬೆಹಣ್ಣು ಬೆಳೆಯುತ್ತದೆ. ಹಿಂದೆ ಈ ಹಣ್ಣಿನ ಬುಟ್ಟಿಗಳನ್ನು ಮೆಟ್ಟಿಲಿಳಿಸಿ ಕಡಲತೀರಕ್ಕೆ ಹೊರುತ್ತಿದ್ದ ಹೆಂಗಸರನ್ನು ಪುಟ್ಟ ಇರುವೆಗಳೆಂಬ ಅರ್ಥದಲ್ಲಿ ಫೊರ್ಮಿಕೆಲ್ಲೆ ಎಂದು ಕರೆಯುತ್ತಿದ್ದರು. ಒಂದು ಗೋಡೆ ಕುಸಿದು ದುರಸ್ತಿಯಾಗದೆ ಉಳಿದರೆ ಕೆಳಗಿನ ಮಜಲಿಗೂ ಅಪಾಯ. ಪಾಳುಬಿದ್ದ ತೋಟಗಳನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಮಧ್ಯಾಹ್ನಕ್ಕೆ ಪಕ್ಕದ ಅತ್ರಾನಿಗೆ ಹೋಗಿ. ಕೇವಲ 0.12 ಚದರ ಕಿಲೋಮೀಟರ್ ವಿಸ್ತೀರ್ಣದ ಇದು ಇಟಲಿಯ ಅತಿ ಚಿಕ್ಕ ಪುರಸಭೆ. ಅಮಾಲ್ಫಿಯಿಂದ ಹತ್ತು ನಿಮಿಷದ ನಡಿಗೆ. ಹಿಂದೆ ಅಮಾಲ್ಫಿಯನ್ನು ಆಳುತ್ತಿದ್ದ ಡ್ಯೂಕರಿಗೆ ಅಧಿಕಾರದ ಟೋಪಿ ತೊಡಿಸುತ್ತಿದ್ದ ಸಾನ್ ಸಾಲ್ವತೋರೆ ಚರ್ಚು ಅದರ ಚೌಕದಲ್ಲೇ ಇದೆ. ಇಲ್ಲಿಯೂ ಬೀದಿಯ ಕೆಳಗೆ ದ್ರಗೋನೆ ಎಂಬ ಹಳ್ಳ ಹರಿಯುತ್ತದೆ. 2010ರ ಸೆಪ್ಟೆಂಬರ್ 9ರಂದು ಬೆಟ್ಟದಲ್ಲಿ ಸುರಿದ ಮಳೆಗೆ ಅದು ಉಕ್ಕಿ ಬೀದಿಗೆ ನುಗ್ಗಿತು, ವಾಹನಗಳನ್ನು ಕಡಲಿಗೆ ತಳ್ಳಿತು, ಯುವತಿಯೊಬ್ಬಳ ಪ್ರಾಣ ತೆಗೆಯಿತು. ಆದ್ದರಿಂದ ಸೆಪ್ಟೆಂಬರ್‌ನಿಂದ ಮುಂದಕ್ಕೆ ಹೋಗುವವರು ಹಿಂದಿನ ರಾತ್ರಿಯೇ ಹವಾಮಾನ ಮುನ್ನೆಚ್ಚರಿಕೆಯನ್ನು ನೋಡಿಕೊಳ್ಳಬೇಕು. ಮಳೆಯ ಎಚ್ಚರಿಕೆ ಇದ್ದ ದಿನ ನಾನು ತಂಡವನ್ನು ಕಣಿವೆಗೆ ಇಳಿಸುವುದಿಲ್ಲ. ಯಾರು ಎಷ್ಟೇ ಬೇಸರಪಟ್ಟರೂ ಆ ದಿನ ಕಾಗದದ ಗಿರಣಿಯ ಕಾರ್ಯಕ್ರಮವನ್ನು ಮರುದಿನಕ್ಕೆ ಹಾಕುತ್ತೇನೆ.