ಪ್ರೊಬೇಟ್ ಇನ್ವೆಂಟರಿ: ತೀರಿಕೊಂಡವರ ಮನೆಯಲ್ಲಿ ಸಿಕ್ಕಿದ್ದರ ಪಟ್ಟಿ

ಉಯಿಲು ನಿಜವಾದದ್ದೆಂದು ನ್ಯಾಯಾಲಯ ಒಪ್ಪಿ ಪ್ರಮಾಣೀಕರಿಸುವುದಕ್ಕೆ ‘ಪ್ರೊಬೇಟ್’ ಎನ್ನುತ್ತಾರೆ. ರುಜುವಾತುಪಡಿಸುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಮಾತು ಅದು. ‘ಇನ್ವೆಂಟರಿ’ಯ ಮೂಲವೂ ಲ್ಯಾಟಿನ್ನೇ, ಅದರ ಅರ್ಥ, ಹುಡುಕಿದಾಗ ಸಿಕ್ಕಿದ್ದರ ಪಟ್ಟಿ. ಎರಡೂ ಸೇರಿ ‘ಪ್ರೊಬೇಟ್ ಇನ್ವೆಂಟರಿ’ ಎಂದಾದಾಗ, ಮೃತರ ಆಸ್ತಿಯನ್ನು ಹಂಚುವ ಮುನ್ನ ನ್ಯಾಯಾಲಯಕ್ಕೆ ಒಪ್ಪಿಸುವ ಬೆಲೆಸಹಿತವಾದ ಆಸ್ತಿಪಟ್ಟಿ ಎಂದು ತಿಳಿಯಬೇಕು. ಇಂಗ್ಲಿಷ್ ಕಾನೂನಿನಿಂದ ಅಮೆರಿಕಕ್ಕೆ ಹೋದ ಈ ಪದ್ಧತಿ ನಮ್ಮಲ್ಲಿಗೂ ಬಂದಿದೆ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೆಯ ಕಲಮು ಆರು ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಸಲ್ಲಿಸಬೇಕೆಂದು ಹೇಳುತ್ತದೆ.

18ನೆಯ ಶತಮಾನದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವರ್ತಕನೊಬ್ಬ ತೀರಿಕೊಂಡರೆ, ನ್ಯಾಯಾಲಯ ನೇಮಿಸಿದ ಇಬ್ಬರು ಮೂವರು ಊರಿನವರು ಪ್ರಮಾಣ ಮಾಡಿ, ನಮ್ಮಲ್ಲಿ ಪಂಚರು ಮಹಜರಿಗೆ ಬರುವಂತೆ ಮನೆಗೆ ಬರುತ್ತಿದ್ದರು. ಶ್ರೀಮಂತರ ಮನೆಯಾದರೆ ಕೋಣೆಯಿಂದ ಕೋಣೆಗೆ ನಡೆದು, ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆದು, ಎದುರಿಗೆ ಪೌಂಡ್, ಷಿಲಿಂಗ್, ಪೆನ್ಸ್‌ಗಳಲ್ಲಿ ಬೆಲೆ ಕಟ್ಟುತ್ತಿದ್ದರು. ಬೆಳ್ಳಿಯ ಪಾತ್ರೆಗಳನ್ನು ತೂಗಿ ಔನ್ಸಿಗೆ ಇಷ್ಟೆಂದು ಹಾಕುತ್ತಿದ್ದರು. ಇಂಥ ಪಟ್ಟಿಯಲ್ಲಿ ಹೊಸಬರು ಮೊದಲು ಬೆರಗಾಗುವುದು ಹಾಸಿಗೆಯ ಬೆಲೆಗೆ. ಅಲ್ಲಿ ‘ಬೆಡ್’ ಎಂದರೆ ಮಂಚವಲ್ಲ, ಹಕ್ಕಿಯ ಗರಿ ತುಂಬಿದ ಹಾಸಿಗೆ. ಅದರ ‘ಫರ್ನಿಚರ್’ ಎಂದರೆ ಕುರ್ಚಿ ಮೇಜುಗಳಲ್ಲ, ಮಂಚಕ್ಕೆ ಇಳಿಬಿಟ್ಟ ಪರದೆ, ಹೊದಿಕೆ, ದಿಂಬುಗಳು. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಆ ಪರದೆಗಳ ಸಹಿತ ಹಾಸಿಗೆ ಮನೆಯ ಅತ್ಯಂತ ಬೆಲೆಬಾಳುವ ವಸ್ತುಗಳಲ್ಲಿ ಒಂದಾಗಿರುತ್ತಿತ್ತು. ಇಂದಿನ ಅರ್ಥವನ್ನು ಹಿಡಿದು ಓದಿದರೆ ಇಡೀ ಕೋಣೆಯ ಚಿತ್ರವೇ ತಪ್ಪಿಹೋಗುತ್ತದೆ.

ಪಟ್ಟಿಯೊಂದನ್ನೇ ಓದುವುದು ಸಾಲದು. ಅದರ ಜೊತೆಗೆ ಮನೆಯ ಬಿಲ್ಲುಗಳನ್ನೂ ಇಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಡಗಿ, ದರ್ಜಿ, ವೈದ್ಯರು ಕೊಟ್ಟ ಬಿಲ್ಲು ಒಂದು ವಸ್ತು ಅಥವಾ ಕೆಲಸ ಯಾರಿಂದ, ಯಾವಾಗ, ಎಷ್ಟಕ್ಕೆ ಮನೆಗೆ ಬಂತೆಂಬುದನ್ನು ತಿಳಿಸುತ್ತದೆ. ಪಟ್ಟಿಯಾದರೋ ಅದೇ ವಸ್ತು ಕೊನೆಗೆ ಯಾವ ಕೋಣೆಯಲ್ಲಿತ್ತು, ಹಳತಾದ ಮೇಲೆ ಎಷ್ಟು ಬಾಳುತ್ತಿತ್ತು ಎಂಬುದನ್ನು ತಿಳಿಸುತ್ತದೆ. ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ (ನಮ್ಮ ತಮಿಳುನಾಡಿನ ಸೇಲಂ ಅಲ್ಲ) ಎಲಿಯಾಸ್ ಹ್ಯಾಸ್ಕೆಟ್ ಡರ್ಬಿ ಇದಕ್ಕೆ ಒಳ್ಳೆಯ ನಿದರ್ಶನ. ‘ಗ್ರ್ಯಾಂಡ್ ಟರ್ಕ್’ ಎಂಬ ತನ್ನ ಹಡಗನ್ನು 1786ರಲ್ಲಿ ಚೀನದ ಕ್ಯಾಂಟನ್ನಿಗೆ ಮುಟ್ಟಿಸಿದ ಈ ವರ್ತಕ 1799ರಲ್ಲಿ ತೀರಿಕೊಂಡ. ಅವನ ಭವ್ಯ ಮನೆಯನ್ನು 1815ರಲ್ಲಿ ಕೆಡವಿಹಾಕಿದರು. ಆದರೂ ಅದರ ಒಳಾಂಗಣವನ್ನು ಇಂದಿಗೂ ವಿವರಿಸಲು ಸಾಧ್ಯವಾಗಿರುವುದು ನಕ್ಷೆಗಳು, ಮರಗೆತ್ತನೆಯ ಬಿಲ್ಲುಗಳು ಮತ್ತು ಆಸ್ತಿಪಟ್ಟಿ ಉಳಿದಿರುವುದರಿಂದ. ಸೇಲಮ್ಮಿನ ಹಡಗುಗಳು ಮದ್ರಾಸು, ಕಲ್ಕತ್ತೆ, ಬೊಂಬಾಯಿಗಳಿಗೂ ಬರುತ್ತಿದ್ದವು. ಹೀಗಾಗಿ ಅಂದಿನ ಅಮೆರಿಕದ ಪಟ್ಟಿಗಳಲ್ಲಿ ಕೋಳಿಕ್ಕೋಡಿನ ಹೆಸರು ಹೊತ್ತ ‘ಕ್ಯಾಲಿಕೊ’, ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದ ‘ಚಿಂಟ್ಸ್’ ಮುಂತಾದ ಹೆಸರುಗಳು ಕಣ್ಣಿಗೆ ಬೀಳುತ್ತವೆ.

ಸಿಕ್ಕಿದ್ದರ ಪಟ್ಟಿಯಾದ್ದರಿಂದ ಸಿಗದಿದ್ದದ್ದು ಇದರಲ್ಲಿ ಇರುವುದಿಲ್ಲ. ಬದುಕಿದ್ದಾಗಲೇ ಮಕ್ಕಳಿಗೆ ಕೊಟ್ಟದ್ದು ಇರದು. ಆಸ್ತಿಯೆಲ್ಲ ಗಂಡನದೆಂದು ಕಾನೂನು ಎಣಿಸುತ್ತಿದ್ದುದರಿಂದ ವಿವಾಹಿತ ಸ್ತ್ರೀಯರ ಪಟ್ಟಿಗಳು ತೀರ ವಿರಳ. ಏನೂ ಇಲ್ಲದ ಬಡವರಿಗೆ ಪಟ್ಟಿಯೇ ಇಲ್ಲ. ಆರ್ಥಿಕ ಇತಿಹಾಸಕಾರ್ತಿ ಆಲಿಸ್ ಹ್ಯಾನ್ಸನ್ ಜೋನ್ಸ್ 919 ಪಟ್ಟಿಗಳಿಂದ ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತುಗಳ 1774ರ ಸಂಪತ್ತನ್ನು ಅಂದಾಜು ಮಾಡಿದಾಗ, ಪಟ್ಟಿಯಾಗದೆ ಹೋದವರ ಲೆಕ್ಕವನ್ನೂ ಊಹಿಸಿ ಸೇರಿಸಬೇಕಾಯಿತು.

ಇನ್ನು, ಓದುವಾಗ ಕೈ ತಡೆಯುವ ಸಾಲುಗಳಿವೆ. ಅಮೆರಿಕದ ಉತ್ತರ ಭಾಗದ ವರ್ತಕರ ಪಟ್ಟಿಗಳಲ್ಲಿಯೂ ಬೆಳ್ಳಿ, ಕುದುರೆ, ಬಂಡಿಗಳ ನಡುವೆ ಗುಲಾಮರಾಗಿದ್ದ ಮನುಷ್ಯರು ಬರೇ ಒಂದು ಹೆಸರು ಮತ್ತು ಒಂದು ಬೆಲೆಯಾಗಿ ನಿಂತಿದ್ದಾರೆ. ಕೆರಿಬಿಯನ್ ದ್ವೀಪವಾದ ಆಂಟಿಗಾದಿಂದ 1737ರಲ್ಲಿ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ಗೆ ಬಂದು ನೆಲೆಸಿದ ವರ್ತಕ ಐಸಾಕ್ ರಾಯಲ್ ತನ್ನೊಡನೆ ಗುಲಾಮರನ್ನೂ ಕರೆತಂದಿದ್ದ. 1739ರಲ್ಲಿ ಅವನು ತೀರಿಕೊಂಡಾಗ ಮಾಡಿದ ಪಟ್ಟಿ, ಈಗ ಸಂಗ್ರಹಾಲಯವಾಗಿರುವ ಆ ಮನೆಯ ಕೋಣೆಗಳನ್ನು ಸಜ್ಜುಗೊಳಿಸಲು ಆಧಾರವಾಗಿದೆ. ಆ ಕುಟುಂಬದ ಮನೆಯಲ್ಲಿ ಗುಲಾಮಳಾಗಿ ದುಡಿದಿದ್ದ ಬೆಲಿಂಡಾ ಎಂಬಾಕೆ 1783ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟು, ಐವತ್ತು ವರ್ಷ ತನ್ನನ್ನು ದುಡಿಸಿಕೊಂಡ ಆಸ್ತಿಯಿಂದ ತನಗೂ ಪಾಲು ಸಲ್ಲಬೇಕೆಂದು ಕೇಳಿದಳು. ಸಭೆ ರಾಯಲ್ ಆಸ್ತಿಯ ಆದಾಯದಿಂದ ವರ್ಷಕ್ಕೆ 15 ಪೌಂಡ್ 12 ಷಿಲಿಂಗ್ ಕೊಡಬೇಕೆಂದು ಆಜ್ಞೆ ಮಾಡಿತು. ಆ ಹಣ ಬರುವುದು ನಿಂತಾಗ ಆಕೆ ಮತ್ತೆ ಮತ್ತೆ ಅರ್ಜಿ ಹಾಕಿದಳು.