ಡಿಎಕ್ಸ್ ಎಷ್ಟು ಚಿಕ್ಕದು?

ಫಿಸಿಕ್ಸ್ ಪಾಠ ಮಾಡುವಾಗ ಬೋರ್ಡಿನ ಮೇಲೆ ಒಂದು ಸರಳು ಬರೆಯುತ್ತೇನೆ. ಅದರಲ್ಲಿ ಎರಡು ಬೆರಳಗಲದ ಚೂರು ಗುರುತಿಸಿ, ‘ಇದರ ಉದ್ದ ಡಿಎಕ್ಸ್ (dx), ತೀರಾ ತೀರಾ ಚಿಕ್ಕದು’ ಅನ್ನುತ್ತೇನೆ. ಪ್ರತಿ ವರ್ಷ ಪಿಯುಸಿ ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸರ್, ಅದು ಸೊನ್ನೆನಾ, ಅಲ್ವಾ?’

ಸುಮ್ನೆ ‘ಸೊನ್ನೆಗೆ ಹತ್ತಿರ’ ಅಂದು ಮುಂದೆ ಹೋಗಬಹುದು. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ.

ಮೇಲಿಂದ ಬಿಟ್ಟ ಕಲ್ಲನ್ನು ತಗೊಳ್ಳಿ. ಸೆಕೆಂಡಿನ ವರ್ಗವನ್ನು 4.9ರಿಂದ ಗುಣಿಸಿದರೆ ಅದು ಎಷ್ಟು ಮೀಟರ್ ಬಿದ್ದಿದೆ ಅಂತ ಸಿಗುತ್ತದೆ. ಸರಿಯಾಗಿ ಒಂದು ಸೆಕೆಂಡ್ ಆದ ಕ್ಷಣದಲ್ಲಿ ಅದರ ವೇಗ ಎಷ್ಟು? ಅಲ್ಲಿಂದ ಮುಂದೆ ಒಂದು ಚೂರು ಸಮಯ ತಗೊಂಡು, ಅಷ್ಟರಲ್ಲಿ ಬಿದ್ದ ದೂರವನ್ನು ಆ ಚೂರಿನಿಂದ ಭಾಗಿಸಬೇಕು. ಭಾಗಿಸುವಾಗ ಚೂರು ಸೊನ್ನೆ ಆಗಿರಬಾರದು. ಭಾಗಿಸಿದ ಮೇಲೆ 9.8 ಬರುತ್ತದೆ, ಜೊತೆಗೆ ಆ ಚೂರಿನ 4.9 ಪಟ್ಟು ಬಾಲದಂತೆ ಉಳಿಯುತ್ತದೆ. ಈಗ ಚೂರು ಸೊನ್ನೆ ಅಂದುಕೊಂಡು ಬಾಲ ಕತ್ತರಿಸುತ್ತೇವೆ! ಇಂಥ ಚೂರುಗಳಿಂದ ಬದಲಾವಣೆ ಅಳೆಯುವ ಗಣಿತವೇ ಕ್ಯಾಲ್ಕುಲಸ್; ನ್ಯೂಟನ್, ಲೈಬ್ನಿಟ್ಸ್ ಕಾಲದಲ್ಲಿ ಅದರ ಲೆಕ್ಕ ನಡೆದದ್ದು ಹೆಚ್ಚುಕಡಿಮೆ ಹೀಗೇ. 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ಇದನ್ನು ಹಿಡಿದುಕೊಂಡ. ಇವೇನು ತೀರಿಹೋದ ಪರಿಮಾಣಗಳ ದೆವ್ವಗಳಾ ಅಂತ ಲೇವಡಿ ಮಾಡಿದ. ನನಗೆ ಕೇಳಿದರೆ, ಬಿಷಪ್ ಹೇಳಿದ್ದರಲ್ಲಿ ತಪ್ಪಿಲ್ಲ.

ಉತ್ತರ ಗಟ್ಟಿಯಾಗಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೋಶಿ, ವೈಯರ್‌ಸ್ಟ್ರಾಸ್ ಮುಂತಾದ ಗಣಿತಜ್ಞರು ದೆವ್ವವನ್ನು ಹೊರಗೆ ಹಾಕಿ ಲಿಮಿಟ್ ತಂದರು, ಅಂದರೆ ಚೂರು ಚಿಕ್ಕದಾದಂತೆ ಉತ್ತರ ಯಾವ ಸಂಖ್ಯೆಗೆ ಹತ್ತಿರವಾಗುತ್ತದೆ ಅಂತ ನೋಡುವುದು. ಚೂರು 0.1 ಸೆಕೆಂಡ್ ಆದರೆ ವೇಗ 10.29. 0.01 ಆದರೆ 9.849. 0.001 ಆದರೆ 9.8049. 9.8ಕ್ಕೆ ಎಷ್ಟು ಹತ್ತಿರ ಬೇಕೋ ನೀವು ಹೇಳಿ, ಅದಕ್ಕೆ ತಕ್ಕ ಚೂರು ನಾನು ಕೊಡುತ್ತೇನೆ. ಚೂರು ಎಂದೂ ಸೊನ್ನೆ ಆಗಬೇಕಿಲ್ಲ. (1960ರ ದಶಕದಲ್ಲಿ ಗಣಿತಜ್ಞ ಅಬ್ರಹಾಂ ರಾಬಿನ್ಸನ್ ತರ್ಕಶಾಸ್ತ್ರದ ಬಲದಿಂದ ಹಳೇ ದೆವ್ವಕ್ಕೂ ಸಂಖ್ಯೆಯ ಸ್ಥಾನ ಕೊಡಿಸಿದ, ಅದು ಬೇರೆ ಕಥೆ.)

‘ಕ್ಯಾಲ್ಕುಲಸ್ ನಮ್ಮವರು ಮೊದಲೇ ಕಂಡುಹಿಡಿದಿದ್ದರಲ್ವಾ ಸರ್?’ ಅಂತಲೂ ಕೇಳುತ್ತಾರೆ. 1150ರಲ್ಲಿ ಭಾಸ್ಕರಾಚಾರ್ಯ ಗ್ರಹಗಳ ‘ತಾತ್ಕಾಲಿಕ ಗತಿ’, ಅಂದರೆ ಆಯಾ ಕ್ಷಣದ ವೇಗ, ಲೆಕ್ಕ ಹಾಕಿದ್ದು ನಿಜ. ಚಂದ್ರನ ವೇಗ ದಿನದೊಳಗೇ ಬದಲಾಗುವುದರಿಂದ ಅವನಿಗೆ ಅದು ಬೇಕಾಗಿತ್ತು. ಹಾಗಂತ ಇಡೀ ಕ್ಯಾಲ್ಕುಲಸ್ ಅವನದೇ ಅನ್ನುವುದು ಅತಿಯಾಯಿತು.

ಫಿಸಿಕ್ಸ್‌ನಲ್ಲಿ ಮಾತ್ರ ಬೇರೆಯದೇ ತೊಡಕಿದೆ. ಗಣಿತದ ಚೂರನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ನಮ್ಮದನ್ನು ಹಾಗೆ ಮಾಡಲಾಗುವುದಿಲ್ಲ. ‘ಈ ಬಿಂದುವಿನಲ್ಲಿ ಗಾಳಿಯ ಸಾಂದ್ರತೆ’ ಅನ್ನುತ್ತೇವಲ್ಲ, ಅಲ್ಲಿ ಪುಟ್ಟ ಡಬ್ಬಿಯೊಂದನ್ನು ಊಹಿಸಿಕೊಳ್ಳಿ. ಬದಿ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ ಒಳಗೆ ಸುಮಾರು ಎರಡೂವರೆ ಕೋಟಿ ಅಣುಗಳು. ಅಲ್ಲಿ ಸಾಂದ್ರತೆಗೆ ಅರ್ಥವಿದೆ. ಬದಿಯನ್ನು ನೂರು ಪಟ್ಟು ಇಳಿಸಿ, ಅಂದರೆ 10 ನ್ಯಾನೋಮೀಟರ್. ಈಗ ಸರಾಸರಿ 25 ಅಣು. ಒಂದು ಕ್ಷಣ 20, ಮತ್ತೊಂದು ಕ್ಷಣ 30. ಇನ್ನೂ ಹತ್ತು ಪಟ್ಟು ಇಳಿಸಿದರೆ ಡಬ್ಬಿ ಬಹುಪಾಲು ಹೊತ್ತು ಖಾಲಿ. ಸಾಂದ್ರತೆ ಸೊನ್ನೆ! ಆಗೊಮ್ಮೆ ಈಗೊಮ್ಮೆ ಒಂದು ಅಣು ಹಾದುಹೋದಾಗ ಅದೇ ಸಾಂದ್ರತೆ ಸರಾಸರಿಯ ನಲವತ್ತು ಪಟ್ಟು.

ಹಾಗಾಗಿ ಈಗ ಆ ಪ್ರಶ್ನೆ ಬಂದಾಗ ನಾನು ತಿರುಗಿ ಕೇಳುತ್ತೇನೆ: ಸರಳು ಕಬ್ಬಿಣದ್ದಾ? ಹಾಗಿದ್ದರೆ ಆ ಚೂರಿನೊಳಗೆ ಲಕ್ಷಾಂತರ ಪರಮಾಣುಗಳಾದರೂ ಇರಲಿ, ಆದರೆ ಸರಳಿನ ಉದ್ದದ ಮುಂದೆ ಅದು ಲೆಕ್ಕಕ್ಕೇ ಬರಬಾರದು. ಇವೆರಡರ ನಡುವೆ ಎಲ್ಲಿ ಬೇಕಾದರೂ ಗೆರೆ ಎಳೆದುಕೋ.