ಚಿನ್ನದ ಬಣ್ಣ ಬಳಿದರೆ ಸಾಯ್ತಾರಾ? ಆಡ್‌ಜಾಬ್ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ

ಓದುಗರ ಪ್ರಶ್ನೆ: "ಗೋಲ್ಡ್‌ಫಿಂಗರ್ ಸಿನಿಮಾದಲ್ಲಿ ವಿಲನ್‌ನ ಬಂಟ ಆಡ್‌ಜಾಬ್ ಒಬ್ಬ ಹುಡುಗಿಗೆ ಮೈತುಂಬ ಚಿನ್ನದ ಬಣ್ಣ ಬಳಿದು ಸಾಯಿಸ್ತಾನೆ. ಹಾಗೆ ಮಾಡಿದ್ರೆ ನಿಜವಾಗ್ಲೂ ಸಾಯ್ತಾರಾ ಸರ್? ಶೂಟಿಂಗ್‌ನಲ್ಲಿ ಆ ನಟಿಯೂ ಸತ್ತುಹೋದರಂತೆ, ಹೌದಾ?"

ಇಲ್ಲ. ಸಾಯೋದಿಲ್ಲ. ಆ ನಟಿಯೂ ಸಾಯಲಿಲ್ಲ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಎರಡೇ ಸಾಲಲ್ಲಿ ಹೇಳಿ ಮುಗಿಸುತ್ತಿದ್ದೆ, ಅದೇ ತಪ್ಪಾಯಿತು ಅಂತ ಈಗ ಅನಿಸುತ್ತಿದೆ. ಎರಡು ಸಾಲು ಓದಿದವರು "ಇಲ್ಲ ಸರ್, ನಮ್ಮ ಮಾವ ಹೇಳಿದ್ರು" ಅಂತ ವಾಪಸ್ ಬರುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

ಸಿನಿಮಾ ಬಂದಿದ್ದು 1964ರಲ್ಲಿ. ನಿರ್ದೇಶಕ ಗೈ ಹ್ಯಾಮಿಲ್ಟನ್, ಗೂಢಚಾರ ಜೇಮ್ಸ್ ಬಾಂಡ್ ಆಗಿ ಶಾನ್ ಕಾನರಿ. ಕಥೆ ನಿಮಗೆ ಗೊತ್ತೇ ಇದೆ. ಮಯಾಮಿಯ ಹೋಟೆಲ್ ರೂಮಿನಲ್ಲಿ ಬಾಂಡ್ ಫ್ರಿಜ್ ಹತ್ತಿರ ಹೋಗುತ್ತಾನೆ, ಹಿಂದಿನಿಂದ ಕತ್ತಿಗೆ ಏಟು ಬೀಳುತ್ತದೆ. ಆಗ ನಮಗೆ ಕಾಣೋದು ಗೋಡೆ ಮೇಲೆ ಟೋಪಿ ಹಾಕಿಕೊಂಡವನ ಒಂದು ನೆರಳು ಮಾತ್ರ. ಆಡ್‌ಜಾಬ್ ಬಣ್ಣ ಹಚ್ಚುವುದನ್ನು ಸಿನಿಮಾ ತೋರಿಸೋದೇ ಇಲ್ಲ. ಬಾಂಡ್ ಎಚ್ಚರವಾಗಿ ನೋಡಿದರೆ ಆ ಹುಡುಗಿ, ಜಿಲ್ ಮಾಸ್ಟರ್ಸನ್, ಹಾಸಿಗೆ ಮೇಲೆ ಅಡಿಯಿಂದ ಮುಡಿವರೆಗೆ ಚಿನ್ನವಾಗಿ ಮಲಗಿದ್ದಾಳೆ. ಮುಂದೆ ಅವನೇ ತನ್ನ ಮೇಲಧಿಕಾರಿಗೆ ಕಾರಣ ಹೇಳುತ್ತಾನೆ: ಚರ್ಮಕ್ಕೆ ಉಸಿರುಕಟ್ಟಿ ಸತ್ತಳು, ಕ್ಯಾಬರೆ ಕುಣಿಯುವವರಿಗೆ ಹೀಗಾಗುವುದುಂಟು, ಬೆನ್ನುಮೂಳೆಯ ಬುಡದಲ್ಲಿ ಒಂದಿಷ್ಟು ಜಾಗ ಬಣ್ಣವಿಲ್ಲದೆ ಬಿಟ್ಟರೆ ಏನೂ ಆಗುವುದಿಲ್ಲ ಅಂತ.

ಅಷ್ಟು ಖಚಿತವಾಗಿ, ಡಾಕ್ಟರ್ ಹೇಳಿದ ಹಾಗೆ ಹೇಳುತ್ತಾನೆ. ಜನ ನಂಬಿದರು. ಅರವತ್ತು ವರ್ಷ ಆಯಿತು, ಇನ್ನೂ ನಂಬುತ್ತಿದ್ದಾರೆ.

ಈಗ ನೀವೇ ಯೋಚನೆ ಮಾಡಿ. ಬಾವಿಯಲ್ಲೋ ಕೆರೆಯಲ್ಲೋ ಕುತ್ತಿಗೆವರೆಗೆ ನೀರಲ್ಲಿ ನಿಂತಿದ್ದೀರಿ. ಮುಖ ಒಂದು ಬಿಟ್ಟು ಇಡೀ ಚರ್ಮಕ್ಕೆ ಗಾಳಿ ಸೋಕುತ್ತಿಲ್ಲ. ಉಸಿರುಕಟ್ಟಿತಾ? ಸಮುದ್ರದಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರ ಮುಖವೂ ನೀರೊಳಗೇ ಇರುತ್ತದೆ, ಅವರು ಆರಾಮಾಗಿ ಮೇಲೆ ಬರುತ್ತಾರೆ. ನಾವು ಉಸಿರಾಡುವುದು ಶ್ವಾಸಕೋಶದಿಂದ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಾವು ಕಪ್ಪೆಗಳಲ್ಲ. ನಮ್ಮ ಚರ್ಮದ ಮೇಲ್ಪದರ, ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ದಪ್ಪದ್ದು, ತನ್ನ ಖರ್ಚಿಗೆ ಬೇಕಾದ ಆಮ್ಲಜನಕವನ್ನು ಹೊರಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ ಅನ್ನೋದು ನಿಜ. ಅದು ನಿಂತರೆ ಮಿದುಳಿಗಾಗಲಿ ಹೃದಯಕ್ಕಾಗಲಿ ಏನೂ ಕೊರತೆಯಾಗುವುದಿಲ್ಲ.

ಇಷ್ಟು ಹೇಳಿದರೂ ತಲೆ ಆಡಿಸುವವರಿಗೆ ನಾನು ಕೊಡುವ ಉತ್ತರ ಒಂದೇ. ಮಂಗಳೂರಿಗೆ ಹೋಗಿ, ದಸರಾ ಹೊತ್ತಿಗೆ. ಇಲ್ಲಾಂದ್ರೆ ಅಷ್ಟಮಿಗೆ ಉಡುಪಿಗೆ ಹೋಗಿ. ಹುಲಿವೇಷ ನೋಡಿ.

ನಾನು ಒಂದು ವರ್ಷ ಬಣ್ಣ ಹಚ್ಚುವ ಜಾಗದಲ್ಲೇ ಇಡೀ ರಾತ್ರಿ ಕೂತಿದ್ದೆ. ವೇಷ ಹಾಕುವ ಮೊದಲು ಮಾಡುವ ಊದು ಪೂಜೆ ಮುಗಿದಿತ್ತು. ಹುಡುಗರು ಒಂದು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ಮೊದಲು ಮೈಗೆಲ್ಲ ಒಂದು ಕೋಟು ಬಣ್ಣ. ಅದು ಒಣಗುವವರೆಗೆ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ, ಕೈ ಮೈಗೆ ತಾಗುವ ಹಾಗಿಲ್ಲ. ಎರಡೂ ಕೈ ಅಗಲಿಸಿ ಕೋಲಿನ ಮೇಲೆ ಇಟ್ಟುಕೊಂಡು, ಮುಂದೆ ಒಂದು ಫ್ಯಾನ್ ಇಟ್ಟುಕೊಂಡು ನಿಂತೇ ಇರಬೇಕು. ಆಮೇಲೆ ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ನನ್ನ ಪಕ್ಕದಲ್ಲೇ ಇದ್ದ ಹುಡುಗ ನಿಂತಲ್ಲೇ ತೂಕಡಿಸುತ್ತಿದ್ದ, ಅವನ ಅಣ್ಣ ಸ್ಟ್ರಾ ಹಾಕಿ ಬೊಂಡದ ನೀರು ಕುಡಿಸುತ್ತಿದ್ದ. ಹಚ್ಚುತ್ತಿದ್ದುದು ಮೇಕಪ್ ಬಣ್ಣ ಅಲ್ಲ, ಆಯಿಲ್ ಪೇಂಟ್. ಗೇಟಿಗೆ ಹೊಡೆಯುತ್ತೇವಲ್ಲ, ಅದೇ. ಬೆನ್ನುಮೂಳೆ ಬುಡದಲ್ಲಿ ಜಾಗ ಬಿಡಬೇಕಾ ಅಂತ ಬಣ್ಣದವರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಬೆಳಗ್ಗೆ ತಾಸೆ ವಾದ್ಯದ ಪೆಟ್ಟು ಶುರುವಾದ ಕೂಡಲೇ ಅದೇ ಹುಡುಗರು ಬಿಸಿಲಲ್ಲಿ ಕುಣಿದರು. ಒಂದು ಗಂಟೆಯಲ್ಲ, ಇಡೀ ದಿನ, ಮಾರನೇ ದಿನವೂ. ಅವರಲ್ಲೊಬ್ಬ ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆದ. ತಲೆಮಾರುಗಳಿಂದ ನಮ್ಮ ಕರಾವಳಿಯಲ್ಲಿ ಇದು ನಡೆದುಕೊಂಡು ಬಂದಿದೆ. ಚರ್ಮಕ್ಕೆ ಉಸಿರುಕಟ್ಟಿ ಜನ ಸಾಯುವ ಹಾಗಿದ್ದರೆ ಹುಲಿವೇಷ ಅನ್ನೋದು ಉಳಿಯುತ್ತಲೇ ಇರಲಿಲ್ಲ, ಅಲ್ವಾ?

ಹಾಗಂತ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಇದೆ. ಬಣ್ಣ ಮುಚ್ಚಿದ ಮೈಯಿಂದ ಬೆವರು ಸರಿಯಾಗಿ ಆರುವುದಿಲ್ಲ, ಸೆಕೆ ಒಳಗೇ ಉಳಿಯುತ್ತದೆ. ಚರ್ಮ ಉರಿಯುತ್ತದೆ. ಬಣ್ಣ ತೆಗೆಯಲು ಸೀಮೆಎಣ್ಣೆ, ಆಮೇಲೆ ತೆಂಗಿನೆಣ್ಣೆ, ತಿಕ್ಕಿ ತಿಕ್ಕಿ ಮೈ ಕೆಂಪಾಗುತ್ತದೆ. ಕೆಟ್ಟ ಬಣ್ಣವಾದರೆ ಅದರಲ್ಲಿರುವ ವಿಷವೂ ಮೈಗೆ ಇಳಿಯಬಹುದು. ಅಪಾಯ ಇರುವುದು ಸೆಕೆಯಲ್ಲಿ, ವಿಷದಲ್ಲಿ. ಉಸಿರಿಗೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳ ನಾಟಕಕ್ಕೆ ಮೈಗೆ ಬಣ್ಣ ಹಚ್ಚುವ ಮೇಷ್ಟ್ರುಗಳು ಈ ವ್ಯತ್ಯಾಸ ತಿಳಿದುಕೊಂಡಿರಬೇಕು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ನಟಿಯ ವಿಷಯ. ಅವರ ಹೆಸರು ಶರ್ಲಿ ಈಟನ್. ಆ ದೃಶ್ಯ ತೆಗೆದದ್ದು ಮಯಾಮಿಯಲ್ಲೂ ಅಲ್ಲ, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ. ಅವತ್ತು ಸೆಟ್‌ನಲ್ಲಿ ಡಾಕ್ಟರ್ ಇದ್ದರು, ಹೊಟ್ಟೆಯ ಮೇಲೆ ಸ್ವಲ್ಪ ಜಾಗ ಬಣ್ಣ ಹಚ್ಚದೆ ಬಿಟ್ಟಿದ್ದರು. ಅಂದರೆ ಸಿನಿಮಾದವರೇ ಈ ಕಥೆಯನ್ನು ಅರ್ಧ ನಂಬಿದ್ದರು! "ಡಾಕ್ಟರ್ ಯಾಕೆ ಬೇಕಿತ್ತು ಹಾಗಾದ್ರೆ?" ಅಂತ ವಾದ ಮಾಡುವವರಿಗೆ ಇಷ್ಟೇ ಉತ್ತರ: ಹೆದರಿಕೊಂಡು ಡಾಕ್ಟರನ್ನು ಕರೆಸಿದ ಮಾತ್ರಕ್ಕೆ ಹೆದರಿಕೆ ನಿಜವಾಗುವುದಿಲ್ಲ. 1964ರ ನವೆಂಬರ್‌ನಲ್ಲಿ ಅದೇ ಚಿನ್ನದ ಮೈಯಲ್ಲಿ ಅವರು ಲೈಫ್ ಪತ್ರಿಕೆಯ ಮುಖಪುಟದಲ್ಲಿ ಬಂದರು. ಆಮೇಲೂ ಸಿನಿಮಾ ಮಾಡಿದರು. 1960ರ ದಶಕದ ಕೊನೆಗೆ, ಸಂಸಾರ ನೋಡಿಕೊಳ್ಳಬೇಕು ಅಂತ ತಾವಾಗಿಯೇ ನಟನೆ ಬಿಟ್ಟರು. ಮೂವತ್ತು ವರ್ಷದ ಮೇಲೆ, 1999ರಲ್ಲಿ, ಆತ್ಮಕಥೆ ಬರೆದರು. ಆ ಚಿತ್ರದಲ್ಲಿ ಚಿನ್ನದ ಬಣ್ಣ ಹಚ್ಚಿಸಿಕೊಂಡವರು ಇನ್ನೊಬ್ಬರೂ ಇದ್ದಾರೆ: ಶುರುವಿನಲ್ಲಿ ಹೆಸರುಗಳು ಬರುವಾಗ ಕಾಣುವ ಮೈ ಮಾರ್ಗರೆಟ್ ನೋಲನ್ ಅವರದು. ಅವರು ತೀರಿಕೊಂಡದ್ದು 2020ರಲ್ಲಿ.

ಈ ಕಥೆ ಸಿನಿಮಾದವರು ಹುಟ್ಟಿಸಿದ್ದೂ ಅಲ್ಲ, ತುಂಬಾ ಹಳೆಯದು. 1513ರಲ್ಲಿ ಫ್ಲಾರೆನ್ಸ್ ಊರಿನ ಮೆರವಣಿಗೆಯೊಂದರಲ್ಲಿ ಬ್ರೆಡ್ ಮಾಡುವವನ ಮಗನೊಬ್ಬನಿಗೆ ಮೈತುಂಬ ಚಿನ್ನ ಬಳಿದು ಸುವರ್ಣಯುಗ ಅಂತ ನಿಲ್ಲಿಸಿದರು, ಹತ್ತು ನಾಣ್ಯದ ಆಸೆಗೆ ಒಪ್ಪಿದ ಆ ಹುಡುಗ ಸ್ವಲ್ಪ ದಿನದಲ್ಲೇ ಸತ್ತ ಅಂತ ಇಟಲಿಯ ಕಲಾವಿದರ ಚರಿತ್ರೆ ಬರೆದ ವಸಾರಿ ಬರೆದಿದ್ದಾನೆ. ಆ ಮಗುವನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ಯಾವ ಬಣ್ಣ, ಅದರಲ್ಲಿ ಏನಿತ್ತು ಅಂತ ಅಲ್ಲಿ ಹೇಳಿಲ್ಲ. ಹಾಗೇ ವಿಝರ್ಡ್ ಆಫ್ ಆಝ್ ಚಿತ್ರದ ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆರಿಸಿದ್ದ ಬಡ್ಡಿ ಎಬ್ಸನ್ ಆಸ್ಪತ್ರೆ ಸೇರಿದ್ದೂ ನಿಜವೇ. ಅವರಿಗೆ ತೊಂದರೆಯಾದದ್ದು ಮುಖಕ್ಕೆ ಹಾಕಿದ ಅಲ್ಯೂಮಿನಿಯಂ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿದ್ದರಿಂದ. ಮತ್ತೆ ಶ್ವಾಸಕೋಶವೇ, ನೋಡಿ. ಅವರ ಜಾಗಕ್ಕೆ ಬಂದ ನಟನಿಗೆ ಪುಡಿ ಬದಲು ಪೇಸ್ಟ್ ಹಚ್ಚಿದರು, ಬಣ್ಣ ಬೆಳ್ಳಿಯದೇ ಆದರೂ ಅವರ ಉಸಿರಿಗೆ ಏನೂ ಆಗಲಿಲ್ಲ.

ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ಈಗ ಯಾರೂ ಕೇಳದ ಒಂದು ಪ್ರಶ್ನೆಗೆ ಬರುತ್ತೇನೆ. ಶೂಟಿಂಗ್‌ನಲ್ಲಿ ಏನೂ ಆಗದ ನಟಿಯ ಬಗ್ಗೆ ಇಷ್ಟು ಜನ ಮರುಗುತ್ತೀರಿ. ನಿಜವಾಗಿ ಪೆಟ್ಟು ತಿಂದವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಪೆಟ್ಟು ತಿಂದದ್ದು ಆ ಬಂಟನೇ. ಆಡ್‌ಜಾಬ್ ಆಗಿದ್ದ ಹೆರಾಲ್ಡ್ ಸಕಾಟ.

ಹವಾಯಿಯಲ್ಲಿ ಹುಟ್ಟಿದ ಜಪಾನಿ ಮೂಲದ ಮನುಷ್ಯ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಭಾರ ಎತ್ತಿ ಬೆಳ್ಳಿ ಪದಕ ಗೆದ್ದವರು. ಆಮೇಲೆ ಟಾಶ್ ಟೋಗೊ ಅನ್ನೋ ಹೆಸರಲ್ಲಿ ಕುಸ್ತಿ. ಆ ಮೈಕಟ್ಟು ನೋಡಿಯೇ ಪಾತ್ರ ಬಂತು. ಸಿನಿಮಾದಲ್ಲಿ ಕೊರಿಯಾದವನ ಪಾತ್ರ, ಮಾತೇ ಇಲ್ಲ, ಒಂದೆರಡು ಹೂಂಕಾರ ಅಷ್ಟೇ. ಆದರೆ ಗಾಲ್ಫ್ ಮೈದಾನದಲ್ಲಿ ಉಕ್ಕಿನ ಅಂಚಿನ ತನ್ನ ಟೋಪಿ ಬೀಸಿ ಕಲ್ಲಿನ ಪ್ರತಿಮೆಯ ಕತ್ತು ಹಾರಿಸಿ, ಅಲ್ಲೇ ನಿಂತು ಒಂದು ಗಾಲ್ಫ್ ಚೆಂಡನ್ನು ಮುಷ್ಟಿಯಲ್ಲಿ ಪುಡಿ ಮಾಡುವಾಗ ಅವರ ಮುಖ ನೋಡಿ. ಸಣ್ಣ ನಗು, ಅಷ್ಟೇ. ಬೇರೆಯವರು ಕಣ್ಣು ಕೆಂಪು ಮಾಡಿ ಕೂಗಾಡಿ ಮಾಡುವುದನ್ನು ಅವರು ಆ ನಗುವಿನಲ್ಲಿ ಮಾಡಿದ್ದಾರೆ. ಗೋಲ್ಡ್‌ಫಿಂಗರ್ ಆಗಿದ್ದ ಗೆರ್ಟ್ ಫ್ರೋಬೆ ಜರ್ಮನಿಯವರು, ಅವರ ಮಾತಿಗೂ ಬೇರೊಬ್ಬರು ದನಿ ಕೊಟ್ಟಿದ್ದಾರೆ. ದನಿ ಕೊಡಬೇಕಾಗಿಯೇ ಬರದ ಈ ಬಂಟ, ಧಣಿಗಿಂತ ಜಾಸ್ತಿ ನೆನಪಲ್ಲಿ ಉಳಿದ.

ಕೊನೆಗೆ ಅಮೆರಿಕ ಸರ್ಕಾರದ ಚಿನ್ನದ ಖಜಾನೆ ಇರುವ ಫೋರ್ಟ್ ನಾಕ್ಸ್ ದೃಶ್ಯ. ಧಣಿ ಅವನನ್ನು ಬಾಂಬಿನ ಜೊತೆ ಖಜಾನೆಯೊಳಗೇ ಬಿಟ್ಟು ಬಾಗಿಲು ಹಾಕಿಸುತ್ತಾನೆ. ಬಾಂಬ್ ನಿಲ್ಲಿಸಲು ಹೋದ ತಮ್ಮ ಕಡೆಯವನನ್ನೇ ಆಡ್‌ಜಾಬ್ ಎತ್ತಿ ಕೆಳಗೆ ಎಸೆಯುತ್ತಾನೆ. ತಾನೂ ಸಾಯುತ್ತೇನೆ ಅಂತ ಅವನಿಗೆ ಗೊತ್ತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನೋ ಮಾತಿಗೆ ಅವನು ಕಟ್ಟುಬಿದ್ದವನು, ಉಂಡ ಮನೆ ಅಂಥದ್ದಾಗಿದ್ದರೂ ಸರಿ. ಬಂಟ ಅನ್ನೋ ನಮ್ಮ ಪದದಲ್ಲಿ ಶೂರ, ಸೇವಕ ಎರಡೂ ಅರ್ಥ ಇದೆ. ಈ ಪಾತ್ರಕ್ಕೆ ಚೇಲಾ ಅಂತ ಬರೆಯದೆ ಬಂಟ ಅಂತಲೇ ನಾನು ಬರೆಯುವುದು ಅದಕ್ಕೇ.

ಹೊಡೆದಾಟದಲ್ಲಿ ಬಾಂಡ್ ತಿರುಗಿ ಎಸೆದ ಅವನ ಟೋಪಿ ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಆಡ್‌ಜಾಬ್ ಅದನ್ನು ಎಳೆಯಲು ಕೈ ಹಾಕುವ ಹೊತ್ತಿಗೆ ಬಾಂಡ್ ಕರೆಂಟ್ ತಂತಿಯನ್ನು ಸರಳಿಗೆ ಮುಟ್ಟಿಸುತ್ತಾನೆ, ಕಿಡಿ ಹಾರುತ್ತವೆ. ಆ ಕಿಡಿಗಳು ನಿಜವಾದವು. ಅದನ್ನು ತೆಗೆಯುವಾಗ ಸಕಾಟ ಅವರ ಕೈ ಸುಟ್ಟಿತು. ನಿರ್ದೇಶಕರು ಇನ್ನೂ ಕಟ್ ಹೇಳಿರಲಿಲ್ಲ, ಹಾಗಾಗಿ ಅವರು ಟೋಪಿ ಬಿಡಲಿಲ್ಲ.

ಅವರು 1982ರಲ್ಲಿ ತೀರಿಕೊಂಡರು. ಆ ಟೋಪಿ 1998ರ ಹರಾಜಿನಲ್ಲಿ 62,000 ಪೌಂಡ್‌ಗೆ ಹೋಯಿತು. ಮುಂದೆ ನಟಿಸಿದ ಎಷ್ಟೋ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬರುವುದು ಹೀಗೆ: ಹೆರಾಲ್ಡ್ 'ಆಡ್‌ಜಾಬ್' ಸಕಾಟ.